ಹದಿನೈದು ಪ್ರಶ್ನಾರ್ಥಕ ಚಿಹ್ನೆಗಳು

ಕಳೆದ ಸಮ್ಮೇಳನ ಮುಗಿದು ನಾವೆಲ್ಲ ನಮ್ಮ ನಮ್ಮ ಊರುಗಳಿಗೆ ಮರಳಿದ ಕೆಲವೇ ತಿಂಗಳುಗಳಲ್ಲಿ ನಮ್ಮ ಕನ್ನಡ ಕೂಟವು ತನ್ನ ಹಿರಿಯ ಸದಸ್ಯರೊಬ್ಬರನ್ನು ಕಳೆದುಕೊಂಡಿತು. ವೃತ್ತಿಯಿಂದ ಇಂಜಿನಿಯರ್ ಆಗಿದ್ದರೂ ಊರಿನ ಕನ್ನಡಿಗರಿಗೆಲ್ಲ ಅವರು ‘ಮೇಷ್ಟ್ರು’. ಅಮೆರಿಕದ ಮಧ್ಯಪಶ್ಚಿಮ ಭಾಗದ ನಮ್ಮ ಊರಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಮಕ್ಕಳಿಗಾಗಿ ನಡೆಯುವ ಕನ್ನಡ ತರಗತಿಗೆ ಅವರೇ ಆಧಾರಸ್ತಂಭ. ವರ್ಷಗಟ್ಟಲೆ ಶ್ರಮಿಸಿ ಅವರು ನೂರಕ್ಕೂ ಹೆಚ್ಚು ಪಾಠಗಳನ್ನು ಸಿದ್ಧಪಡಿಸಿದ್ದರು. ಅಕ್ಷರಮಾಲೆಯಿಂದ ಆರಂಭಿಸಿ ಗಾದೆ, ಒಗಟು, ಊರ ಹಬ್ಬದ ವರ್ಣನೆಯವರೆಗೆ ಎಲ್ಲವೂ ಅವುಗಳಲ್ಲಿದ್ದವು. ತಮ್ಮ ಮನೆಯ ನೆಲಮಾಳಿಗೆಯ ಲಿನಕ್ಸ್ ಗಣಕದಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ಪ್ರತಿ ಶುಕ್ರವಾರ ರಾತ್ರಿ ಎಂಟು ಗಂಟೆಗೆ ಮರುದಿನದ ಪಾಠವು ಎಲ್ಲ ಮನೆಗಳಿಗೂ ಇ-ಮೇಲ್ ಮೂಲಕ ತಾನಾಗಿಯೇ ತಲುಪುವಂತೆ ಮಾಡಿದ್ದರು.

ಅವರು ತೀರಿಕೊಂಡ ಮೇಲೂ ಎರಡು ತಿಂಗಳ ಕಾಲ ಆ ಗಣಕವು ಪಾಠಗಳನ್ನು ಕಳುಹಿಸುತ್ತಲೇ ಇತ್ತು. ಆದರೆ ಮೇಷ್ಟ್ರ ಪತ್ನಿಯವರು ಮನೆ ಮಾರಿ ಮಗಳ ಊರಿಗೆ ಹೋಗುವುದೆಂದು ನಿಶ್ಚಯವಾಯಿತು. ಒಂದು ದಿನ ಅವರು ನನಗೆ ದೂರವಾಣಿ ಮಾಡಿ, “ನೋಡಪ್ಪಾ, ಈ ಯಂತ್ರದೊಳಗೆ ಅವರ ಪಾಠಗಳೆಲ್ಲ ಇವೆಯಂತೆ. ನನಗೆ ಅದನ್ನು ಮುಟ್ಟಲೂ ಭಯ. ನೀನೇ ಬಂದು ಏನು ಬೇಕೋ ತೆಗೆದುಕೊಂಡು ಹೋಗು,” ಎಂದರು. ಕೂಟದ ಕಾರ್ಯಕಾರಿ ಸಮಿತಿಯೂ ಆ ಹೊಣೆಯನ್ನು ನನಗೇ ವಹಿಸಿತು. ನಾನು ಗಣಕರಂಗದಲ್ಲಿ ಅನ್ನ ಸಂಪಾದಿಸುವವನೇ ಆದ್ದರಿಂದ, ಇದೇನು ಮಹಾ, ಒಂದು ಸಂಜೆಯ ಕೆಲಸವೆಂದು ಭಾವಿಸಿದೆ. ಅದು ಆರು ವಾರಗಳ ಕೆಲಸವಾಯಿತು. ಆ ಆರು ವಾರಗಳಲ್ಲಿ ಕಲಿತದ್ದನ್ನು ಸಹೃದಯ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಗಣಕದ ಪರಿಚಯವಿಲ್ಲದವರಿಗೂ ಅರ್ಥವಾಗಬೇಕೆಂಬ ಆಶಯದಿಂದ ಮೂಲದಿಂದಲೇ ಆರಂಭಿಸಿದ್ದೇನೆ. ಬಲ್ಲವರು ಮನ್ನಿಸಬೇಕು.

ಪರಿಸರ ಎಂದರೇನು?

ಲಿನಕ್ಸ್ ಎಂಬುದು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕಾರ್ಯಾಚರಣ ವ್ಯವಸ್ಥೆ. ಅದರ ನಡೆನುಡಿಗಳೆಲ್ಲ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್‌ನಿಂದ ಬಂದವು. 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ‘ಎನ್ವಿರಾನ್ಮೆಂಟ್ ವೇರಿಯಬಲ್’ ಎಂಬ ವ್ಯವಸ್ಥೆ ಬಳಕೆಗೆ ಬಂತು. ಇದನ್ನು ಕನ್ನಡದಲ್ಲಿ ಪರಿಸರ ಚರಾಂಶ ಎನ್ನಬಹುದು. ಪ್ರತಿಯೊಂದು ಚರಾಂಶಕ್ಕೂ ಒಂದು ಹೆಸರು, ಒಂದು ಬೆಲೆ, ನಡುವೆ ಒಂದು ಸಮಚಿಹ್ನೆ. ಇಷ್ಟೇ ಅದರ ಸ್ವರೂಪ. ಯಾವ ಭಾಷೆಯಲ್ಲಿ ವ್ಯವಹರಿಸಬೇಕು, ಯಾವ ಊರಿನ ಗಡಿಯಾರವನ್ನು ನಂಬಬೇಕು, ಬೇಕಾದ ಸಲಕರಣೆಯನ್ನು ಯಾವ ಕಡತಕೋಶದಲ್ಲಿ ಹುಡುಕಬೇಕು ಎಂಬ ಸಂಗತಿಗಳನ್ನು ಪ್ರೋಗ್ರಾಂ ತನ್ನೊಳಗೆ ಬರೆದಿಟ್ಟುಕೊಳ್ಳದೆ ಈ ಪಟ್ಟಿಯನ್ನು ನೋಡಿ ತಿಳಿದುಕೊಳ್ಳುತ್ತದೆ.

ಪಟ್ಟಿ ಅದಕ್ಕೆ ದೊರೆಯುವ ಬಗೆ ಗಮನಾರ್ಹವಾದುದು. ಲಿನಕ್ಸ್‌ನಲ್ಲಿ ಪ್ರತಿಯೊಂದು ಪ್ರಕ್ರಿಯೆಯೂ ಇನ್ನೊಂದು ಪ್ರಕ್ರಿಯೆಯ ಮಗು. ತಂತ್ರಜ್ಞರು ಬಳಸುವ ಪದಗಳೂ ‘ಪೇರೆಂಟ್’ ಮತ್ತು ‘ಚೈಲ್ಡ್’ ಎಂದೇ. ಮಗು ಹುಟ್ಟುವಾಗ ತಾಯಿಯ ಪರಿಸರದ ಒಂದು ಪ್ರತಿಯನ್ನು ಪಡೆಯುತ್ತದೆ. ಆಮೇಲೆ ಅದು ತನ್ನ ಪ್ರತಿಯನ್ನು ತಿದ್ದಿಕೊಳ್ಳಬಹುದು. ತಾಯಿಯ ಪಟ್ಟಿ ಅದರಿಂದ ಬದಲಾಗುವುದಿಲ್ಲ. ಹಾಗೆಯೇ ಹೆರಿಗೆಯಾದ ಮೇಲೆ ತಾಯಿ ತನ್ನ ಪಟ್ಟಿಗೆ ಹೊಸತೇನನ್ನು ಸೇರಿಸಿದರೂ ಈಗಾಗಲೇ ಹುಟ್ಟಿರುವ ಮಗುವಿಗೆ ಅದು ತಲುಪುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭ.

ಈ ಚರಾಂಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಗಣಕದಲ್ಲಿ ಅವನ್ನು ರೋಮನ್ ದೊಡ್ಡಕ್ಷರಗಳಲ್ಲಿಯೇ ಒತ್ತಬೇಕೆಂಬುದನ್ನು ಓದುಗರು ನೆನಪಿಡಬೇಕು.

ಮೊದಲ ತೊಡಕು: ಖಾಲಿ ಬೆಲೆ

ಮೇಷ್ಟ್ರ ಗಣಕದಿಂದ ಪಾಠಗಳಿದ್ದ ಕಡತಕೋಶವನ್ನು ಪ್ರತಿ ಮಾಡಿಕೊಂಡು ಬಂದೆ. ಕೂಟವು ಬಾಡಿಗೆಗೆ ಪಡೆದಿದ್ದ ದೂರದ ಲಿನಕ್ಸ್ ಗಣಕವೊಂದರಲ್ಲಿ ಅದನ್ನಿರಿಸಿದೆ. ಅವರ ಪ್ರೋಗ್ರಾಂ ಜಾವಾ ಭಾಷೆಯಲ್ಲಿತ್ತು. ಅವರು ಬಳಸುತ್ತಿದ್ದ ಜಾವಾ 8ನೆಯ ಆವೃತ್ತಿಯನ್ನೇ ಹೊಸ ಗಣಕದಲ್ಲಿಯೂ ‘ಆಪ್ಟ್’ ಎಂಬ ಕಡತಕೋಶದಡಿ ಸ್ಥಾಪಿಸಿ, ಪ್ರೋಗ್ರಾಮನ್ನು ಓಡಿಸಿದೆ. “/ಬಿನ್/ಜಾವಾ: ಅಂತಹ ಕಡತವಿಲ್ಲ” ಎಂಬ ಉತ್ತರ ಬಂತು.

ನಾನು ಜಾವಾವನ್ನು ಇರಿಸಿದ್ದು ಆಪ್ಟ್‌ನಲ್ಲಿ. ಅದು ಹುಡುಕುತ್ತಿರುವುದು ಬಿನ್‌ನಲ್ಲಿ. ದೋಷಸಂದೇಶವನ್ನು ಅಕ್ಷರಶಃ ಓದಿದಾಗ ಕಾರಣ ಹೊಳೆಯಿತು. ಚಾಲನೆಯ ಕಡತದಲ್ಲಿ ಮೇಷ್ಟ್ರು ‘ಜಾವಾ_ಹೋಮ್’ ಎಂಬ ಚರಾಂಶದ ಬೆಲೆಗೆ ‘/ಬಿನ್/ಜಾವಾ’ ಎಂಬುದನ್ನು ಜೋಡಿಸಿದ್ದರು. ಹೊಸ ಗಣಕದಲ್ಲಿ ಆ ಚರಾಂಶವೇ ಇರಲಿಲ್ಲ. ಶೆಲ್ ಎಂಬ ಆಜ್ಞಾಪಾಲಕನು ಇಲ್ಲದ ಚರಾಂಶವನ್ನು ಕಂಡು ದೂರುವುದಿಲ್ಲ; ಅದರ ಜಾಗವನ್ನು ಖಾಲಿ ಬಿಟ್ಟು ಮುಂದೆ ಸಾಗುತ್ತಾನೆ. ಆದ್ದರಿಂದ ಹಾದಿಯ ಪೂರ್ವಾರ್ಧ ಮಾಯವಾಗಿ ಉತ್ತರಾರ್ಧ ಮಾತ್ರ ಉಳಿದಿತ್ತು. ಇದು ತಮಾಷೆಯ ವಿಷಯವಲ್ಲ. 2015ರಲ್ಲಿ ಲಿನಕ್ಸ್‌ಗಾಗಿ ಬಂದಿದ್ದ ಪ್ರಸಿದ್ಧ ಆಟಗಳ ತಂತ್ರಾಂಶವೊಂದರಲ್ಲಿ ಇಂತಹುದೇ ಒಂದು ಖಾಲಿ ಬೆಲೆಯ ದೆಸೆಯಿಂದ, ತನ್ನ ಕಡತಕೋಶವನ್ನು ಮಾತ್ರ ಅಳಿಸಬೇಕಾಗಿದ್ದ ಆಜ್ಞೆಯು ಬಳಕೆದಾರರ ಸ್ವಂತ ಕಡತಗಳನ್ನೇ ಅಳಿಸಿಹಾಕಿತ್ತು. ಚಾಲನೆಯ ಕಡತದ ಮೊದಲಿಗೆ ‘ಸೆಟ್ -ಯು’ ಎಂದು ಬರೆದರೆ, ಇಲ್ಲದ ಚರಾಂಶ ಎದುರಾದೊಡನೆ ಶೆಲ್ ನಿಂತುಬಿಡುತ್ತದೆ. ಇಷ್ಟು ಸಣ್ಣ ಎಚ್ಚರಿಕೆಗೆ ನಾವು ಬೇಸರಪಡಬಾರದು.

ಕಾರಣ ತಿಳಿದ ಸಂತೋಷದಲ್ಲಿ ಜಾವಾ_ಹೋಮ್‌ಗೆ ಸರಿಯಾದ ಬೆಲೆಯನ್ನು ಕೊಟ್ಟೆ. ‘ಎಕೋ’ ಆಜ್ಞೆಯಿಂದ ಪರೀಕ್ಷಿಸಿದೆ. ಬೆಲೆ ಸರಿಯಾಗಿಯೇ ಕಂಡಿತು. ಆದರೆ ಚಾಲನೆಯ ಕಡತವನ್ನು ಓಡಿಸಿದರೆ ಮತ್ತೆ ಅದೇ ದೂರು! ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ನೆನಪಾಯಿತು: ನಾನು ‘ಎಕ್ಸ್‌ಪೋರ್ಟ್’ ಎಂಬ ಪದವನ್ನೇ ಒತ್ತಿರಲಿಲ್ಲ. ಶೆಲ್‌ನೊಳಗೆ ಹೆಸರೊಂದಕ್ಕೆ ಬೆಲೆ ಕೊಟ್ಟರೆ ಅದು ಆ ಶೆಲ್‌ನ ಖಾಸಗಿ ಸಂಗತಿ. ಎಕ್ಸ್‌ಪೋರ್ಟ್ ಎಂದು ಸಾರಿದಾಗ ಮಾತ್ರ ಅದು ಮಕ್ಕಳಿಗೆ ಹಂಚುವ ಪಟ್ಟಿಗೆ ಸೇರುತ್ತದೆ. ನಾನು ಎಕೋ ಮಾಡಿದಾಗ ಉತ್ತರಿಸಿದ್ದು ತಾಯಿ; ದೂರು ಹೇಳುತ್ತಿದ್ದುದು ಮಗು. ಆ ಒಂದು ಪದವನ್ನು ಸೇರಿಸಿ, ಆ ಸಾಲನ್ನು ಚಾಲನೆಯ ಕಡತದಲ್ಲಿಯೇ ಬರೆದಿಟ್ಟೆ. ಪಾಠದ ಹಾಳೆ ಮುತ್ತಿನಂತಹ ಕನ್ನಡ ಅಕ್ಷರಗಳಲ್ಲಿ ಹೊರಬಂತು. ಪ್ರತಿ ಶುಕ್ರವಾರ ರಾತ್ರಿ ಎಂಟಕ್ಕೆ ಅದನ್ನು ಓಡಿಸುವಂತೆ ‘ಕ್ರಾನ್’ ಎಂಬ ಕಾಲಪಾಲಕನಿಗೆ ಹೇಳಿ, ಕೆಲಸ ಮುಗಿಯಿತೆಂದು ನಿದ್ರಿಸಿದೆ.

ಎರಡನೆಯ ತೊಡಕು: ಕಾಣೆಯಾದ ಕನ್ನಡ

ಶನಿವಾರ ಬೆಳಿಗ್ಗೆ ದೂರವಾಣಿಯ ಕರೆಗಳು ಬರತೊಡಗಿದವು. ಪಾಠವೇನೋ ಎಲ್ಲ ಮನೆಗಳಿಗೂ ತಲುಪಿತ್ತು. ಆದರೆ ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಹಾಳೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ತರಗತಿಯಲ್ಲಿ ಒಬ್ಬ ಪುಟ್ಟ ಹುಡುಗಿ ಆ ಹಾಳೆಯನ್ನು ಹಿಡಿದುಕೊಂಡು ಬಂದು, “ಅಂಕಲ್, ಮೇಷ್ಟ್ರು ತಾತ ಇಲ್ಲ ಅಂತ ಕಂಪ್ಯೂಟರಿಗೆ ಕನ್ನಡ ಮರೆತುಹೋಯಿತಾ?” ಎಂದು ಕೇಳಿದಳು. ನಾನು ನಕ್ಕೆನಾದರೂ ಮನಸ್ಸಿಗೆ ಚುಚ್ಚಿತು. ಅವಳ ಪ್ರಶ್ನೆ ತಾಂತ್ರಿಕವಾಗಿಯೂ ಸತ್ಯಕ್ಕೆ ಎಷ್ಟು ಸಮೀಪವಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಮೊದಲು ನಾನು ಫಾಂಟ್ ಇಲ್ಲದಿರುವುದೇ ಕಾರಣವೆಂದು ಭ್ರಮಿಸಿ, ಕನ್ನಡ ಫಾಂಟ್‌ಗಳನ್ನೆಲ್ಲ ಸ್ಥಾಪಿಸಿದೆ. ಮುಂದಿನ ಶುಕ್ರವಾರವೂ ಅದೇ ಫಲ. ಇ-ಮೇಲ್ ಕಳುಹಿಸುವ ವ್ಯವಸ್ಥೆಯನ್ನು ಬದಲಿಸಿದೆ. ಮತ್ತೊಂದು ಶುಕ್ರವಾರ ವ್ಯರ್ಥವಾಯಿತು. ಕಾಯಿಲೆಯ ಲಕ್ಷಣವನ್ನು ಸರಿಯಾಗಿ ನೋಡದೆಯೇ ಮದ್ದು ಅರೆಯುತ್ತಿದ್ದೆ. ಲಕ್ಷಣಗಳನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಕನ್ನಡದಲ್ಲಿ ಗಣಕ ಬಳಸುವ ಯಾರಿಗಾದರೂ ಇವು ಒಂದಿಲ್ಲೊಂದು ದಿನ ಎದುರಾಗುತ್ತವೆ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲವೆಂದರ್ಥ. ಅಕ್ಷರ ಸುರಕ್ಷಿತವಾಗಿದೆ, ಬರೆದು ತೋರಿಸುವ ಲೇಖನಿ ಮಾತ್ರ ಇಲ್ಲ. ನೆತ್ತಿಯ ಮೇಲೆ ಗೆರೆ ಹೊತ್ತ ರೋಮನ್ ‘ಎ’ ಮತ್ತು ವಿಚಿತ್ರ ಚಿಹ್ನೆಗಳ ಸಾಲು ಕಂಡರೆ, ಕನ್ನಡದ ಬೈಟ್‌ಗಳನ್ನು ಯಾರೋ ಪಶ್ಚಿಮ ಯೂರೋಪಿನ ಸಂಕೇತವೆಂದು ತಪ್ಪಾಗಿ ಓದಿದ್ದಾರೆ. ಸರಿಯಾಗಿ ಓದಿದರೆ ಮತ್ತೆ ಕನ್ನಡ ದೊರಕುತ್ತದೆ. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಅಕ್ಷರವು ನಿಜವಾಗಿಯೂ ನಾಶವಾಗಿದೆ. ನಡುವೆ ಇರುವ ಯಾವುದೋ ಪ್ರೋಗ್ರಾಂ ಅದನ್ನು ಗುರುತಿಸಲಾರದೆ ಎಸೆದು, ಅದರ ಸ್ಥಾನದಲ್ಲಿ ಈ ಚಿಹ್ನೆಯನ್ನಿಟ್ಟಿದೆ. ಆ ಹಾಳೆಯಿಂದ ಅಕ್ಷರವನ್ನು ಮರಳಿ ಪಡೆಯುವುದು ಅಸಾಧ್ಯ.

ಮೂರನೆಯ ವಾರ, ಹಾಳೆಯ ಶೀರ್ಷಿಕೆಯಲ್ಲಿ ‘ಕನ್ನಡ’ ಎಂದಿರಬೇಕಾದ ಕಡೆ ಎಷ್ಟು ಚಿಹ್ನೆಗಳಿವೆಯೆಂದು ಬೆರಳಿಟ್ಟು ಎಣಿಸಿದೆ. ಹದಿನೈದು! ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಹಾಗಿರುವಾಗ ಹದಿನೈದು ಎಲ್ಲಿಂದ ಬಂತು? 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ದೊರೆತಿದೆ. ಅದರ ಲೆಕ್ಕದಲ್ಲಿ ‘ಕನ್ನಡ’ ಎಂಬುದು ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತಗಳು. ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳನ್ನು ಆಕ್ರಮಿಸುತ್ತದೆ. ಐದು ಮೂರಲ ಹದಿನೈದು. ಚಿಹ್ನೆಗಳು ಐದು ಮಾತ್ರ ಇದ್ದಿದ್ದರೆ, ಪ್ರೋಗ್ರಾಂ ಕನ್ನಡವನ್ನು ಸರಿಯಾಗಿಯೇ ಓದಿ, ಬರೆಯುವಾಗ ಎಡವಿದೆಯೆಂದು ತಿಳಿಯಬಹುದಾಗಿತ್ತು. ಹದಿನೈದು ಇದ್ದುದರಿಂದ, ಓದುವ ಹಂತದಲ್ಲಿಯೇ ಅದು ಒಂದೊಂದು ಬೈಟನ್ನೂ ಒಂದೊಂದು ಅಪರಿಚಿತ ಅಕ್ಷರವೆಂದು ಭಾವಿಸಿತ್ತು. ಫಾಂಟ್ ಆಗಲಿ ಅಂಚೆಯಾಗಲಿ ಇದರಲ್ಲಿ ಅಪರಾಧಿಗಳಲ್ಲವೆಂಬುದು ಖಚಿತವಾಯಿತು.

ಕೈಯಾರೆ ಓಡಿಸಿದರೆ ಸರಿ, ಕ್ರಾನ್ ಓಡಿಸಿದರೆ ತಪ್ಪು

ಅದೇ ಪ್ರೋಗ್ರಾಂ, ಅದೇ ಪಾಠ, ಅದೇ ಗಣಕ. ನಾನು ಕೈಯಾರೆ ಓಡಿಸಿದರೆ ಕನ್ನಡ. ಕ್ರಾನ್ ಓಡಿಸಿದರೆ ಪ್ರಶ್ನಾರ್ಥಕ ಚಿಹ್ನೆ. ಇಂತಹ ಸಂದರ್ಭದಲ್ಲಿ ಪ್ರೋಗ್ರಾಮಿನ ಒಳಗೆ ಹುಡುಕುವುದು ವ್ಯರ್ಥ. ಅದು ಬೆಳೆದ ಮನೆಯನ್ನು ನೋಡಬೇಕು. ನಾನು ಕ್ರಾನ್‌ಗೆ ಒಂದು ತಾತ್ಕಾಲಿಕ ಕೆಲಸ ಕೊಟ್ಟೆ: ‘ಎನ್ವ್’ ಎಂಬ ಆಜ್ಞೆಯನ್ನು ಓಡಿಸಿ, ನಿನ್ನ ಪರಿಸರದಲ್ಲಿ ಏನೇನಿದೆಯೋ ಅದನ್ನೆಲ್ಲ ಒಂದು ಕಡತದಲ್ಲಿ ಬರೆ, ಎಂದು. ನನ್ನ ಶೆಲ್‌ನಲ್ಲಿಯೂ ಅದೇ ಆಜ್ಞೆಯನ್ನು ಓಡಿಸಿ ಇನ್ನೊಂದು ಕಡತ ಮಾಡಿದೆ. ಎರಡನ್ನೂ ಅಕ್ಷರಕ್ರಮದಲ್ಲಿ ಜೋಡಿಸಿ ‘ಡಿಫ್’ ಆಜ್ಞೆಯಿಂದ ಹೋಲಿಸಿದೆ. ನನ್ನ ಪಟ್ಟಿ ಒಂದು ಪರದೆಯಷ್ಟು ಉದ್ದವಿತ್ತು. ಕ್ರಾನ್‌ನ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟೇ ಸಾಲುಗಳು. ಮನೆ ಯಾವುದು, ಬಳಕೆದಾರ ಯಾರು, ಶೆಲ್ ಯಾವುದು, ಆಜ್ಞೆಗಳನ್ನು ಹುಡುಕುವ ‘ಪಾತ್’ ಯಾವುದು, ಇಷ್ಟೇ. ಆ ಪಾತ್‌ನಲ್ಲಿಯೂ ಎರಡೇ ಕಡತಕೋಶಗಳು. ‘ಲ್ಯಾಂಗ್’ ಎಂಬ ಚರಾಂಶ ಅಲ್ಲಿ ಇರಲೇ ಇಲ್ಲ.

ಲ್ಯಾಂಗ್ ಇಲ್ಲದಿದ್ದರೆ ಲಿನಕ್ಸ್ ‘ಸಿ’ ಎಂಬ ಹೆಸರಿನ ಮೂಲ ಪರಿಸರಕ್ಕೆ ಇಳಿಯುತ್ತದೆ. ಅದಕ್ಕೆ ತಿಳಿದಿರುವುದು ಹಳೆಯ ಆಸ್ಕಿ ಪಟ್ಟಿಯ 128 ಅಕ್ಷರಗಳು ಮಾತ್ರ. ಜಾವಾ ಭಾಷೆಯ ಹಳೆಯ ಆವೃತ್ತಿಗಳು, ಕಡತವನ್ನು ಯಾವ ಸಂಕೇತದಲ್ಲಿ ಓದಬೇಕೆಂದು ಪ್ರೋಗ್ರಾಂ ಸ್ಪಷ್ಟವಾಗಿ ಹೇಳದಿದ್ದರೆ, ಈ ಪರಿಸರವನ್ನು ಕೇಳಿಯೇ ನಿರ್ಧರಿಸುತ್ತಿದ್ದವು. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ಎಂಬುದೇ ರೂಢಿಯ ಕ್ರಮವಾಗಿದೆ. ಆದರೆ ಮೇಷ್ಟ್ರ ಪ್ರೋಗ್ರಾಂ ಅದಕ್ಕಿಂತ ಹಳೆಯದು. ಪುಟ್ಟ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು: ಗಣಕಕ್ಕೆ ಕನ್ನಡ ಮರೆತಿರಲಿಲ್ಲ, ಇದು ಕನ್ನಡದ ಮನೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಹಾಗಾದರೆ ನಾನು ಓಡಿಸಿದಾಗ ಲ್ಯಾಂಗ್ ಎಲ್ಲಿಂದ ಬಂತು? ಆ ದೂರದ ಗಣಕದಲ್ಲಿ ವ್ಯವಸ್ಥೆಯ ಮಟ್ಟದಲ್ಲಿ ಅದನ್ನು ಯಾರೂ ನಿಗದಿಪಡಿಸಿರಲಿಲ್ಲ. ಉತ್ತರ ನನ್ನನ್ನೇ ಬೆರಗುಗೊಳಿಸಿತು. ಅದು ನನ್ನ ಮಡಿಲಗಣಕದಿಂದ ಬಂದಿತ್ತು! ಎಸ್‌ಎಸ್‌ಎಚ್ ಎಂಬ ಸಂಪರ್ಕಸಾಧನವು ದೂರದ ಗಣಕವನ್ನು ಪ್ರವೇಶಿಸುವಾಗ ಬಹುಪಾಲು ಕಡೆಗಳಲ್ಲಿ ನಮ್ಮ ಭಾಷಾ ಚರಾಂಶಗಳನ್ನು ತನ್ನೊಡನೆ ಹೊತ್ತೊಯ್ಯುವಂತೆ ಸಿದ್ಧಗೊಂಡಿರುತ್ತದೆ. ನಾನು ಪ್ರವೇಶಿಸಿದಾಗಲೆಲ್ಲ ನನ್ನ ಪರಿಸರವೂ ನನ್ನೊಡನೆ ಪ್ರವೇಶಿಸುತ್ತಿತ್ತು. ನಾನು ಹೊರಟೊಡನೆ ಅದೂ ಹೊರಟುಹೋಗುತ್ತಿತ್ತು. ಪರೀಕ್ಷೆ ಮಾಡುವವನ ಇರವೇ ಪರೀಕ್ಷೆಯ ಫಲವನ್ನು ಬದಲಿಸುತ್ತಿದ್ದಾಗ ದೋಷ ಕಾಣುವುದಾದರೂ ಹೇಗೆ?

ಆಗ ಉಪಯೋಗಕ್ಕೆ ಬಂದುದು ‘ಎನ್ವ್ -ಐ’ ಎಂಬ ಆಜ್ಞೆ. ಇದು ಪ್ರೋಗ್ರಾಮನ್ನು ಸಂಪೂರ್ಣ ಬರಿದಾದ ಪರಿಸರದಲ್ಲಿ ಓಡಿಸುತ್ತದೆ. ಹೀಗೆ ಓಡಿಸಿದಾಗ ನನ್ನ ಕಣ್ಣೆದುರಿಗೇ ಹದಿನೈದು ಚಿಹ್ನೆಗಳು ಮೂಡಿದವು. ಶುಕ್ರವಾರಕ್ಕಾಗಿ ಕಾಯುವ ಅಗತ್ಯ ತಪ್ಪಿತು. ದೋಷವನ್ನು ಬೇಕೆಂದಾಗ ಬರಿಸಬಲ್ಲವನು ಅದನ್ನು ಅರ್ಧ ಗೆದ್ದಂತೆಯೇ.

ನೆಲಮಾಳಿಗೆಯಲ್ಲಿ ಮೂರು ಸಾಲು

ಮೇಷ್ಟ್ರು ಇದನ್ನು ಹೇಗೆ ನಿಭಾಯಿಸಿದ್ದರು ಎಂದು ನೋಡಲು ಮತ್ತೆ ಅವರ ಮನೆಗೆ ಹೋದೆ. ಮನೆಯ ಸಾಮಾನುಗಳೆಲ್ಲ ಪೆಟ್ಟಿಗೆ ಸೇರಿದ್ದವು. ಆ ಗಣಕವನ್ನು ಮಾತ್ರ ಅವರ ಪತ್ನಿಯವರು ನನಗಾಗಿ ಹಾಗೆಯೇ ಬಿಟ್ಟಿದ್ದರು. ಮೊದಲ ಸಲ ನಾನು ಪಾಠಗಳ ಕಡತಕೋಶವನ್ನು ಮಾತ್ರ ಪ್ರತಿ ಮಾಡಿಕೊಂಡಿದ್ದೆ. ಲಿನಕ್ಸ್‌ನಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರಿನ ಕಡತಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಜಾವಾ_ಹೋಮ್ ಇದ್ದುದು ಅವರ ಮನೆ ಕಡತಕೋಶದ ‘.ಪ್ರೊಫೈಲ್’ ಎಂಬ ಅಂತಹ ಕಡತದಲ್ಲಿ. ಕ್ರಾನ್‌ನ ಪಟ್ಟಿಯಂತೂ ಮನೆ ಕಡತಕೋಶದಲ್ಲಿಯೇ ಇರದೆ ವ್ಯವಸ್ಥೆಯ ಬೇರೊಂದು ಮೂಲೆಯಲ್ಲಿರುತ್ತದೆ. ‘ಕ್ರಾನ್‌ಟ್ಯಾಬ್ -ಎಲ್’ ಎಂದು ಕೇಳಿದಾಗ ಪರದೆಯ ಮೇಲೆ ಮೂರು ಸಾಲುಗಳು ಮೂಡಿದವು. ಒಂದು ಜಾವಾ_ಹೋಮ್. ಇನ್ನೊಂದು ‘ಲ್ಯಾಂಗ್=ಕೆಎನ್_ಐಎನ್.ಯುಟಿಎಫ್-8’, ಎಂದರೆ ಭಾರತದ ಕನ್ನಡ. ಮೂರನೆಯದು ‘ಟಿಜೆಡ್=ಏಷ್ಯಾ/ಕೋಲ್ಕತಾ’. ಅವುಗಳ ಕೆಳಗೆ ಶುಕ್ರವಾರ ಎಂಟು ಗಂಟೆಯ ಕೆಲಸ.

ಎರಡನೆಯ ಸಾಲನ್ನು ಅಲ್ಲಿಂದಲೇ ಹೊಸ ಗಣಕಕ್ಕೆ ಸೇರಿಸಿ ಪರೀಕ್ಷಿಸಿದೆ. ಮತ್ತೆ ಹದಿನೈದು ಚಿಹ್ನೆಗಳು! ಧೈರ್ಯಗೆಡದೆ ‘ಲೊಕೇಲ್ -ಎ’ ಆಜ್ಞೆಯಿಂದ ಆ ಗಣಕದಲ್ಲಿ ಸ್ಥಾಪಿತವಾಗಿರುವ ಭಾಷಾಪರಿಸರಗಳ ಪಟ್ಟಿಯನ್ನು ತರಿಸಿದೆ. ಇಂಗ್ಲಿಷ್ ಇತ್ತು, ಕನ್ನಡ ಇರಲಿಲ್ಲ. ಇಲ್ಲದ ಭಾಷಾಪರಿಸರವನ್ನು ಹೆಸರಿಸಿದರೆ ಅನೇಕ ಪ್ರೋಗ್ರಾಂಗಳು ಬಾಯಿ ಬಿಡದೆ ‘ಸಿ’ ಪರಿಸರಕ್ಕೇ ಮರಳುತ್ತವೆ. ಕನ್ನಡದ ಲೊಕೇಲನ್ನು ಅಲ್ಲಿ ರಚಿಸಿದ ಮೇಲೆಯೇ ಹಾಳೆಯಲ್ಲಿ ಮತ್ತೆ ಕನ್ನಡ ಮೂಡಿತು. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು: ‘ಎಲ್‌ಸಿ_ಆಲ್’ ಎಂಬ ಚರಾಂಶಕ್ಕೆ ಬೆಲೆ ಇದ್ದರೆ ಅದು ಲ್ಯಾಂಗ್‌ನ ಮಾತನ್ನು ಮೀರಿ ನಿಲ್ಲುತ್ತದೆ. ಲ್ಯಾಂಗ್ ಸರಿಯಿದ್ದೂ ಕನ್ನಡ ಬಾರದಿದ್ದರೆ, ಮನೆಯ ಹಿರಿಯನಂತಿರುವ ಈ ಎಲ್‌ಸಿ_ಆಲ್ ಬೇರೇನನ್ನೋ ಹೇಳುತ್ತಿದೆಯೇ ಎಂದು ನೋಡಬೇಕು.

ಇನ್ನು ಮೂರನೆಯ ಸಾಲು. ಹೊಸ ಗಣಕದಿಂದ ಹೊರಟ ಹಾಳೆಗಳ ತಲೆಯ ಮೇಲೆ ಶುಕ್ರವಾರದ ದಿನಾಂಕವಿರುತ್ತಿತ್ತು. ತರಗತಿ ನಡೆಯುವುದು ಶನಿವಾರ. ಮೊದಲೆಲ್ಲ ಶನಿವಾರದ ದಿನಾಂಕವೇ ಬರುತ್ತಿತ್ತೆಂದು ಒಬ್ಬ ತಾಯಿ ಹೇಳಿದ್ದರು. ಪ್ರೋಗ್ರಾಮನ್ನು ತೆರೆದು ದಿನಾಂಕಕ್ಕೆ ಒಂದನ್ನು ಕೂಡಿಸಿಬಿಡೋಣವೆಂದು ಯೋಚಿಸಿದ್ದೆ. ಈಗ ಅರ್ಥವಾಯಿತು. ನಮ್ಮೂರಿನಲ್ಲಿ ಶುಕ್ರವಾರ ರಾತ್ರಿ ಎಂಟಾದಾಗ ಕರ್ನಾಟಕದಲ್ಲಿ ಬೇಸಗೆಯಾದರೆ ಶನಿವಾರ ಬೆಳಿಗ್ಗೆ ಆರೂವರೆ, ಚಳಿಗಾಲವಾದರೆ ಏಳೂವರೆ. ಟಿಜೆಡ್ ಎಂಬುದು ಕಾಲವಲಯದ ಚರಾಂಶ. ಆ ಕ್ರಾನ್‌ನಲ್ಲಿ ಅದು ಕೆಲಸ ಓಡುವ ವೇಳೆಯನ್ನು ಬದಲಿಸುವುದಿಲ್ಲ. ಓಡುವ ಪ್ರೋಗ್ರಾಮಿಗೆ ಕಾಣುವ ಗಡಿಯಾರವನ್ನು ಮಾತ್ರ ಬದಲಿಸುತ್ತದೆ. ಮೇಷ್ಟ್ರ ಪ್ರೋಗ್ರಾಂ ನಮ್ಮ ರಾತ್ರಿಯಲ್ಲಿ ಎದ್ದು, ಊರಿನ ಬೆಳಗನ್ನು ಕಾಣುತ್ತಿತ್ತು.

ನಾನು ಇದನ್ನು ಅವರ ಪತ್ನಿಯವರಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಶುಕ್ರವಾರ ಊಟಕ್ಕೆ ಕುಳಿತಾಗಲೆಲ್ಲ, ಊರಲ್ಲಿ ಈಗ ಬೆಳಗಾಯಿತು ಕಣೇ, ಪಾಠ ಹೊರಟಿತು, ಎನ್ನುತ್ತಿದ್ದರು. ನಾನು ಏನೋ ತಮಾಷೆ ಅಂದುಕೊಂಡಿದ್ದೆ,” ಎಂದರು. ಒಂದು ಸಾಲಿನ ಹಿಂದಿದ್ದ ಈ ಕಾರಣವನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ನಾನೇನಾದರೂ ಆ ಸಾಲನ್ನು ನೋಡದೆ ದಿನಾಂಕಕ್ಕೆ ಒಂದನ್ನು ಕೂಡಿಸಿದ್ದರೆ, ಮುಂದೊಮ್ಮೆ ಯಾರಾದರೂ ಟಿಜೆಡ್ ಸೇರಿಸಿದ ದಿನ ಹಾಳೆಯ ಮೇಲೆ ಭಾನುವಾರ ಬರುತ್ತಿತ್ತು.

ಚಿಕಿತ್ಸೆಯ ಕ್ರಮ

ಇಷ್ಟು ಅನುಭವದಿಂದ ದೊರೆತ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ:

ಮೊದಲನೆಯದಾಗಿ, ದೋಷಸಂದೇಶವನ್ನು ಅಕ್ಷರಶಃ ಓದಬೇಕು. ಅದರಲ್ಲಿ ಏನಿದೆಯೆಂಬುದರಷ್ಟೇ ಏನು ಕಾಣೆಯಾಗಿದೆ ಎಂಬುದೂ ಮುಖ್ಯ. ಎರಡನೆಯದಾಗಿ, ಸರಿಯಾಗಿ ನಡೆಯುವ ಪರಿಸರವನ್ನೂ ಕೆಡುವ ಪರಿಸರವನ್ನೂ ಕಡತಗಳಲ್ಲಿ ಬರೆಸಿ ಹೋಲಿಸಬೇಕು. ಈಗಾಗಲೇ ಓಡುತ್ತಿರುವ ಪ್ರೋಗ್ರಾಮಾದರೆ, ‘ಪ್ರಾಕ್’ ಕಡತಕೋಶದಲ್ಲಿ ಅದರ ಸಂಖ್ಯೆಯಡಿ ಇರುವ ‘ಎನ್ವಿರಾನ್’ ಎಂಬ ಕಡತವು ಅದು ಹುಟ್ಟಿದಾಗ ಪಡೆದ ಪಟ್ಟಿಯನ್ನು ತೋರಿಸುತ್ತದೆ. ಮೂರನೆಯದಾಗಿ, ಬರಿದಾದ ಪರಿಸರದಲ್ಲಿ ಓಡಿಸಿ, ಒಂದೊಂದೇ ಚರಾಂಶವನ್ನು ಸೇರಿಸುತ್ತ ಹೋಗಬೇಕು. ಒಟ್ಟಿಗೆ ನಾಲ್ಕನ್ನು ಬದಲಿಸಿದರೆ ಯಾವುದು ಮದ್ದಾಯಿತೆಂದು ತಿಳಿಯದು. ನಾಲ್ಕನೆಯದಾಗಿ, ಮದ್ದನ್ನು ಸರಿಯಾದ ಸ್ಥಳದಲ್ಲಿ ಇಡಬೇಕು. ‘.ಬ್ಯಾಶ್‌ಆರ್‌ಸಿ’ ಎಂಬ ಕಡತವನ್ನು ಮನುಷ್ಯರು ಕುಳಿತು ಬಳಸುವ ಶೆಲ್ ಮಾತ್ರ ಓದುತ್ತದೆ, ಕ್ರಾನ್ ಓದುವುದಿಲ್ಲ. ಪ್ರೋಗ್ರಾಮಿಗೆ ಬೇಕಾದುದನ್ನು ಪ್ರೋಗ್ರಾಮಿನ ಚಾಲನೆಯ ಕಡತದಲ್ಲಿಯೇ ಇಟ್ಟರೆ, ಯಾರು ಓಡಿಸಿದರೂ ಒಂದೇ ಫಲ.

ಕಣ್ಣಿಗೆ ಬೀಳದ ಸಣ್ಣ ತಪ್ಪುಗಳೂ ಇವೆ. ಶೆಲ್‌ನಲ್ಲಿ ಸಮಚಿಹ್ನೆಯ ಆಚೀಚೆ ಖಾಲಿ ಜಾಗ ಬಿಟ್ಟರೆ, ಚರಾಂಶದ ಹೆಸರನ್ನೇ ಅದು ಆಜ್ಞೆಯೆಂದು ತಿಳಿಯುತ್ತದೆ. ಪಾತ್‌ಗೆ ಹೊಸ ಕಡತಕೋಶವನ್ನು ಸೇರಿಸುವಾಗ ಹಳೆಯ ಬೆಲೆಯನ್ನು ಉಳಿಸಿಕೊಳ್ಳದ ಪಕ್ಷದಲ್ಲಿ, ಅತಿ ಸಾಮಾನ್ಯ ಆಜ್ಞೆಗಳೂ ಸಿಗದೆ ಹೋಗುತ್ತವೆ. ವಿಂಡೋಸ್ ಗಣಕದಲ್ಲಿ ತಿದ್ದಿದ ಕಡತದ ಪ್ರತಿ ಸಾಲಿನ ಕೊನೆಗೂ ಕಾಣದ ಅಕ್ಷರವೊಂದು ಅಂಟಿಕೊಂಡಿರುತ್ತದೆ. ಕಣ್ಣೆದುರಿಗಿರುವ ಕಡತಕೋಶವನ್ನು ಗಣಕವು ಇಲ್ಲವೆಂದು ಸಾಧಿಸಿದರೆ, ‘ಕ್ಯಾಟ್ -ಎ’ ಆಜ್ಞೆಯಿಂದ (ಈ ‘ಎ’ ದೊಡ್ಡಕ್ಷರ) ಆ ಅದೃಶ್ಯ ಅತಿಥಿಯನ್ನು ಹುಡುಕಬಹುದು.

ಪ್ರತಿನಿಧಿಗಳಲ್ಲಿ ಒಂದು ವಿನಂತಿ

ಆರನೆಯ ವಾರದ ಶುಕ್ರವಾರ ರಾತ್ರಿ ಎಂಟಕ್ಕೆ ಪಾಠ ಹೊರಟಿತು. ಕನ್ನಡದಲ್ಲಿ, ಶನಿವಾರದ ದಿನಾಂಕದೊಡನೆ. ಮರುದಿನ ತರಗತಿಯಲ್ಲಿ ಆ ಪುಟ್ಟ ಹುಡುಗಿ ಹಾಳೆಯನ್ನು ಮೇಲೆತ್ತಿ ಶೀರ್ಷಿಕೆಯನ್ನು ಗಟ್ಟಿಯಾಗಿ ಓದಿದಳು.

ಚಾಲನೆಯ ಕಡತದಲ್ಲಿ ಈಗ ಆ ಮೂರು ಸಾಲುಗಳಿವೆ. ಪ್ರತಿಯೊಂದರ ಮೇಲೂ ಅದು ಏಕಿದೆಯೆಂಬ ವಿವರಣೆಯನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. ಟಿಜೆಡ್ ಸಾಲಿನ ಮೇಲೆ ಮೇಷ್ಟ್ರು ಊಟಕ್ಕೆ ಕುಳಿತು ಆಡುತ್ತಿದ್ದ ಮಾತೇ ಇದೆ.

ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಪ್ರತಿಯೊಂದು ಕೂಟದಲ್ಲಿಯೂ ಇಂತಹ ಒಬ್ಬ ಮೇಷ್ಟ್ರು, ಒಬ್ಬ ಅಮ್ಮ ಇದ್ದೇ ಇರುತ್ತಾರೆ. ಸದಸ್ಯರ ಪಟ್ಟಿ, ಸಭಾಂಗಣದ ಬೀಗ, ಯುಗಾದಿಯ ಅಡುಗೆಯ ಅಳತೆ, ಹಳೆಯ ನಾಟಕದ ಧ್ವನಿಮುದ್ರಿಕೆ ಎಲ್ಲವೂ ಅವರ ನೆನಪಿನಲ್ಲಿ ಇರುತ್ತವೆ. ಅವರಿರುವವರೆಗೆ ಎಲ್ಲವೂ ತಾನಾಗಿಯೇ ನಡೆಯುವಂತೆ ತೋರುತ್ತದೆ. ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು, ‘ಇದನ್ನು ಹೀಗೇಕೆ ಮಾಡಿದಿರಿ’ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಮನೆಗಳ ಮಾತೂ ಇದಕ್ಕಿಂತ ಬಹಳ ಬೇರೆಯಲ್ಲ. ಮಗು ತಾಯಿಯ ಪರಿಸರದ ಪ್ರತಿಯನ್ನು ಪಡೆಯುತ್ತದೆ. ಆದರೆ ತಾಯಿ ಸಾರಿ ಹೇಳಿದ್ದನ್ನು ಮಾತ್ರ. ಗಂಡಹೆಂಡಿರು ತಮ್ಮತಮ್ಮೊಳಗೆ ಎಷ್ಟೇ ಕನ್ನಡ ಆಡಿಕೊಂಡರೂ, ಮಕ್ಕಳೊಡನೆ ಆಡದಿದ್ದರೆ ಅದು ಎಕ್ಸ್‌ಪೋರ್ಟ್ ಮಾಡದ ಚರಾಂಶದಂತೆಯೇ. ನಾವು ಎಕೋ ಮಾಡಿ ನೋಡಿದರೆ ನಮಗೆ ಸರಿಯಾಗಿಯೇ ಕೇಳುತ್ತದೆ. ಮಕ್ಕಳ ಪಟ್ಟಿಯಲ್ಲಿ ಆ ಜಾಗ ಖಾಲಿಯಾಗಿರುತ್ತದೆ.